ಬಣ್ಣಗೆಟ್ಟ ಹೊನ್ನಮೀನು

ಚಿನ್ನಕ್ಕೆ ಕಿಲುಬು ಹಿಡಿಯದೆಂಬುದು ಲೋಕದ ಮಾತು. ಚಿನ್ನದ ಹೆಸರನ್ನು ಹೊತ್ತ ಮೀನಿಗೆ ಮಾತ್ರ ಈ ಭಾಗ್ಯವಿಲ್ಲ. ಅಂಗಡಿಯಿಂದ ತಂದಾಗ ಕೆಂಡದಂತೆ ಹೊಳೆಯುತ್ತಿದ್ದ ಮೀನು ವರ್ಷ ಕಳೆಯುವಷ್ಟರಲ್ಲಿ ಹಳದಿಗೆ ತಿರುಗುವುದುಂಟು. ಇನ್ನಷ್ಟು ದಿನ ಕಳೆದರೆ ಬೆಳ್ಳಿಯಂತೆ ಬಿಳುಪಾಗುವುದೂ ಉಂಟು. ಆಗ ಸಾಕಿದವರಿಗೆ ಮೋಸಹೋದೆವೆಂಬ ಭಾವನೆ ಬರುತ್ತದೆ. ಕೆಲವರು ಅಂಗಡಿಯವನನ್ನು ಬೈಯುತ್ತಾರೆ. ಕೆಲವರು ಔಷಧಿಯ ಸೀಸೆಗಳನ್ನು ಕೊಂಡುತರುತ್ತಾರೆ. ಇನ್ನು ಕೆಲವರು ಆ ಮೀನನ್ನು ಊರ ಕೆರೆಗೆ ಬಿಟ್ಟು ಹೊಸದೊಂದನ್ನು ತರುತ್ತಾರೆ. ಈ ಮೂರೂ ತಪ್ಪು ದಾರಿಗಳೆಂಬುದು ನನ್ನ ಅಭಿಪ್ರಾಯ. ಮೀನು ಬಣ್ಣಗೆಟ್ಟಾಗ ನಾವು ಮೊದಲು ನೋಡಬೇಕಾದದ್ದು ಅದರ ನೀರನ್ನು.

ನಾನು ಇತಿಹಾಸದ ವಿದ್ಯಾರ್ಥಿ, ಪ್ರಾಣಿಶಾಸ್ತ್ರದಲ್ಲಿ ಪಂಡಿತನಲ್ಲ. ಆದರೂ ಆರು ವರ್ಷಗಳಿಂದ ಮನೆಯಲ್ಲಿ ಈ ಮೀನುಗಳನ್ನು ಸಾಕಿರುವುದರಿಂದಲೂ, ಈ ವರ್ಷ ನಮ್ಮ ವಿದ್ಯಾರ್ಥಿನಿಲಯದಲ್ಲಿ ಇದೇ ವಿಷಯವಾಗಿ ದೊಡ್ಡ ಚರ್ಚೆಯೇ ನಡೆದದ್ದರಿಂದಲೂ ಲೇಖನಿ ಹಿಡಿಯುವ ಧೈರ್ಯ ಮಾಡಿದ್ದೇನೆ. ವಾಚನಾಲಯದ ಮೇಜಿನ ಮೇಲೆ ಒಂದು ಗಾಜಿನ ಬೋಗುಣಿ. ಅದರಲ್ಲಿ ಎರಡು ಮೀನು. ಒಂದು ಕೆಂಪಾಗಿಯೇ ಉಳಿಯಿತು, ಇನ್ನೊಂದು ಬಿಳುಪಾಯಿತು. "ಬಿಳಿಯದನ್ನು ಕೆರೆಗೆ ಬಿಡೋಣ" ಎಂದಿತು ಒಂದು ಪಕ್ಷ. "ಬಣ್ಣ ಬರಿಸುವ ಔಷಧಿ ಹಾಕೋಣ" ಎಂದಿತು ಇನ್ನೊಂದು. ನನ್ನದು ಮೂರನೆಯ ಪಕ್ಷ. ಅದಕ್ಕೆ ನಾನೊಬ್ಬನೇ ಸದಸ್ಯ. ಊಟದ ಗಂಟೆ ಹೊಡೆದು ಅಂದು ಅರ್ಧಕ್ಕೆ ನಿಂತ ನನ್ನ ಭಾಷಣವನ್ನು ಇಲ್ಲಿ ಪೂರ್ಣಮಾಡುತ್ತಿದ್ದೇನೆ.

ಮೊದಲು ಸ್ವಲ್ಪ ಇತಿಹಾಸ. ಈ ಮೀನಿನ ಪೂರ್ವಿಕರು ಚೀನಾ ದೇಶದ ಕೆರೆಕುಂಟೆಗಳಲ್ಲಿದ್ದ ಮಾಸಲು ಬಣ್ಣದ ಮೀನುಗಳು. ಅವುಗಳಲ್ಲಿ ಅಪರೂಪಕ್ಕೊಮ್ಮೆ ಕೆಂಪು, ಹಳದಿ ಮರಿಗಳು ಹುಟ್ಟುತ್ತಿದ್ದವು. ಅಂಥವನ್ನೇ ಆರಿಸಿ, ಕೊಳಗಳಲ್ಲಿ ಸಾಕಿ, ತಳಿ ಬೆಳೆಸುವ ಹವ್ಯಾಸ ಸಾಂಗ್ ರಾಜವಂಶದ ಕಾಲಕ್ಕೆ, ಎಂದರೆ ಕ್ರಿ.ಶ. 960ರಿಂದ 1279ರ ಅವಧಿಯಲ್ಲಿ, ಚೆನ್ನಾಗಿ ಬೇರೂರಿತ್ತು. ಮಿಂಗ್ ವಂಶದವರ ಕಾಲದಲ್ಲಿ ಮೀನು ಕೊಳದಿಂದ ಮನೆಯೊಳಗಿನ ಪಾತ್ರೆಗೆ ಬಂತು; 17ನೆಯ ಶತಮಾನದಲ್ಲಿ ಯೂರೋಪನ್ನು ಸೇರಿತು. ಹೀಗೆ ನಾವು ಮೆಚ್ಚುವ ಹೊನ್ನಬಣ್ಣ ಮನುಷ್ಯನು ನೂರಾರು ತಲೆಮಾರು ಆರಿಸಿ ಉಳಿಸಿಕೊಂಡದ್ದು. ಇಂದಿಗೂ ಹೊನ್ನಮೀನಿನ ಮರಿಗಳು ಸಾಮಾನ್ಯವಾಗಿ ಕಪ್ಪು ಮಿಶ್ರಿತ ಕಂದು ಬಣ್ಣದಲ್ಲೇ ಇರುತ್ತವೆ. ಬೆಳೆಯುತ್ತ ಚರ್ಮದ ಕಪ್ಪು ವರ್ಣಕೋಶಗಳು ನಶಿಸಿದಾಗಲೇ ಒಳಗಿನ ಕಿತ್ತಳೆ ಬಣ್ಣ ಬೆಳಕಿಗೆ ಬರುವುದು. ಕೆಲವು ಮೀನುಗಳಲ್ಲಿ ಈ ಕ್ರಿಯೆ ಅಲ್ಲಿಗೇ ನಿಲ್ಲದೆ, ಕಿತ್ತಳೆಯೂ ಕಳೆದು ಬಿಳುಪು ಉಳಿಯುತ್ತದೆ. ನಮ್ಮ ಅಜ್ಜಂದಿರಲ್ಲಿ ಕೆಲವರಿಗೆ ಮೂವತ್ತಕ್ಕೇ ತಲೆ ನರೆತು, ಕೆಲವರಿಗೆ ಅರವತ್ತಾದರೂ ನರೆಯದಿರುವುದಿಲ್ಲವೆ? ಅದನ್ನು ಯಾರೂ ರೋಗವೆನ್ನುವುದಿಲ್ಲ.

ಇದಕ್ಕೊಂದು ಪ್ರಸಿದ್ಧ ನಿದರ್ಶನವಿದೆ. 1956ರಲ್ಲಿ ಇಂಗ್ಲೆಂಡಿನ ಒಂದು ಜಾತ್ರೆಯಲ್ಲಿ ಬಹುಮಾನವಾಗಿ ದೊರೆತ ಟಿಶ್ ಎಂಬ ಹೊನ್ನಮೀನು 1999ರವರೆಗೆ, 43 ವರ್ಷ ಬದುಕಿ ದಾಖಲೆಯ ಪುಸ್ತಕವನ್ನು ಸೇರಿತು. ಮುಪ್ಪಿನಲ್ಲಿ ಅದರ ಕಿತ್ತಳೆ ಬಣ್ಣವೆಲ್ಲ ಮಾಸಿ ಬೆಳ್ಳಿಯ ಬಣ್ಣ ಬಂದಿತ್ತು. ಬಣ್ಣ ಹೋಯಿತೆಂದು ಅದನ್ನು ಹೊರಹಾಕಿದ್ದರೆ ಲೋಕಕ್ಕೆ ಅದರ ಆಯುಸ್ಸಿನ ಪರಿಚಯವೇ ಆಗುತ್ತಿರಲಿಲ್ಲ.

ಹಾಗೆಂದು ಬಣ್ಣಗೇಡೆಲ್ಲವೂ ಸಹಜವೆಂದು ಕೈಕಟ್ಟಿ ಕುಳಿತುಕೊಳ್ಳಲಾಗದು. ಬೆಳಕು, ಆಹಾರ, ನೀರು ಎಂಬ ಮೂರು ಕಾರಣಗಳು ನಮ್ಮ ಕೈಯಲ್ಲಿವೆ.

ಬೆಳಕಿನ ವಿಷಯ ಸುಲಭ. ಹೊನ್ನಮೀನು ರಾತ್ರಿ ಕತ್ತಲೆಯಲ್ಲಿ ಸ್ವಲ್ಪ ಪೇಲವವಾಗುತ್ತದೆ; ಬೆಳಗಾದ ಮೇಲೆ ಮೊದಲಿನಂತಾಗುತ್ತದೆ. ಬಹುಕಾಲ ಕತ್ತಲೆ ಮೂಲೆಯಲ್ಲಿಟ್ಟರೆ ಮಾತ್ರ ಬಣ್ಣ ನಿಜವಾಗಿಯೇ ಕುಂದುತ್ತದೆ. ಆದ್ದರಿಂದ ಹಗಲಿನ ಬೆಳಕು ಬೀಳುವ ಕಡೆ ತೊಟ್ಟಿಯನ್ನಿಡಬೇಕು. ಆದರೆ ನೇರ ಬಿಸಿಲಿನಲ್ಲಲ್ಲ. ಬಿಸಿಲಿಗೆ ನೀರು ಕಾದು ಪಾಚಿ ಕಟ್ಟುತ್ತದೆ.

ಇನ್ನು ಆಹಾರ. ಕಿತ್ತಳೆ, ಕೆಂಪು ಬಣ್ಣಗಳಿಗೆ ಮೂಲವಾದ ಕ್ಯಾರೊಟಿನಾಯ್ಡ್ ಎಂಬ ದ್ರವ್ಯಗಳನ್ನು ಮೀನು ತಾನಾಗಿ ತಯಾರಿಸಲಾರದು; ತಿನ್ನುವ ಪದಾರ್ಥದಿಂದಲೇ ಪಡೆಯಬೇಕು. ಕೊಳದಲ್ಲಿದ್ದರೆ ಪಾಚಿ, ಹುಳುಹುಪ್ಪಟೆಗಳಿಂದ ಅವು ಸಿಗುತ್ತವೆ. ಮನೆಯಲ್ಲಾದರೋ ವರ್ಷದ ಹಿಂದೆ ಬಾಯಿ ತೆರೆದ ಡಬ್ಬಿಯ ಒಣ ಕಾಳೇ ಮೂರು ಹೊತ್ತಿನ ಊಟ! ತಾಜಾ ಕಾಳಿನ ಜೊತೆಗೆ ಆಗಾಗ ಬೇಯಿಸಿ ಸಿಪ್ಪೆ ಸುಲಿದ ಬಟಾಣಿ, ಬಾಡಿಸಿದ ಸೊಪ್ಪು, ಚೂರು ಸೀಗಡಿ ಕೊಟ್ಟರೆ ಬಣ್ಣಕ್ಕೂ ಒಳ್ಳೆಯದು, ಹೊಟ್ಟೆಗೂ ಒಳ್ಳೆಯದು. ಆದರೆ ತಳಿಗುಣದಿಂದಲೇ ಬಿಳುಪಾದ ಮೀನನ್ನು ಯಾವ ಆಹಾರವೂ ಕೆಂಪಾಗಿಸದು. ಬಣ್ಣ ಬರಿಸುತ್ತೇವೆಂಬ ಸೀಸೆಗಳನ್ನು ಕೊಳ್ಳುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿ.

ಎಲ್ಲಕ್ಕಿಂತ ದೊಡ್ಡದು ನೀರಿನ ವಿಷಯ. ಮೀನು ಕಿವಿರುಗಳ ಮೂಲಕ ಅಮೋನಿಯವನ್ನು ಹೊರಬಿಡುತ್ತದೆ. ದೊಡ್ಡ ತೊಟ್ಟಿಯಲ್ಲಿ ಕೆಲವು ಉಪಕಾರಿ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟಾಗಿಯೂ, ಬಳಿಕ ಹೆಚ್ಚು ಕೇಡಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಇವು ನೆಲೆಯೂರಲು ನಾಲ್ಕಾರು ವಾರಗಳೇ ಬೇಕು. ಪುಟ್ಟ ಬೋಗುಣಿಯಲ್ಲಿ ಅವಕ್ಕೆ ಜಾಗವೆಲ್ಲಿ? ವಿಷ ಸೇರುತ್ತಲೇ ಹೋಗುತ್ತದೆ. ನೀರು ಮಾತ್ರ ಕಣ್ಣಿಗೆ ಸ್ಫಟಿಕದಂತೆ ಕಾಣುತ್ತದೆ. ತಿಳಿನೀರನ್ನು ಕಂಡು ಶುದ್ಧವೆಂದು ನಂಬುವುದೇ ಮೀನು ಸಾಕುವವರಿಗೆ ಒದಗುವ ಮೊದಲನೆಯ ಭ್ರಾಂತಿ.

ನಮ್ಮ ವಿದ್ಯಾರ್ಥಿನಿಲಯದಲ್ಲಿ ಆದದ್ದೂ ಇದೇ. ಎಲ್ಲರೂ ಬಿಳಿಯ ಮೀನಿನ ಗತಿಯನ್ನು ಕುರಿತು ವಾದಿಸುತ್ತಿರುವಾಗ ಅದು ಲವಲವಿಕೆಯಿಂದ ಈಜುತ್ತ, ಹಾಕಿದ್ದನ್ನು ತಿನ್ನುತ್ತಿತ್ತು. ಎಲ್ಲರೂ ಮೆಚ್ಚುತ್ತಿದ್ದ ಕೆಂಪು ಮೀನೇ ಈಜುರೆಕ್ಕೆಗಳನ್ನು ಮೈಗೆ ಅಂಟಿಸಿಕೊಂಡು, ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿತ್ತು. ಅಂಗಡಿಯಲ್ಲಿ ಸಿಗುವ ದ್ರಾವಣದಿಂದ ನೀರನ್ನು ಪರೀಕ್ಷಿಸಿದಾಗ, ಸೊನ್ನೆಯಿರಬೇಕಾದ ಅಮೋನಿಯ ಢಾಳಾಗಿ ಕಂಡಿತು. ಬಣ್ಣವನ್ನಷ್ಟೇ ನೋಡಿದ್ದರೆ ಆರೋಗ್ಯವಂತನನ್ನು ಹೊರಗಟ್ಟಿ, ರೋಗಿಯನ್ನು ಅದೇ ವಿಷದಲ್ಲಿ ಬಿಟ್ಟಂತಾಗುತ್ತಿತ್ತು.

ಆದ್ದರಿಂದ ಕಂಡುಕೊಳ್ಳಬೇಕಾದ ಭೇದ ಇದು. ಮೀನು ತಿನ್ನುತ್ತ, ಈಜುತ್ತ, ನಿಧಾನವಾಗಿ ಬಿಳುಪಾದರೆ ಚಿಂತೆ ಬೇಡ. ಮೈಮೇಲೆ ಉಪ್ಪಿನ ಹರಳಿನಂಥ ಬಿಳಿಯ ಚುಕ್ಕೆ, ಹತ್ತಿಯಂಥ ಬೂಸಲು, ಮಬ್ಬು ಲೋಳೆ, ರೆಕ್ಕೆಗಳಲ್ಲಿ ರಕ್ತದ ಗೆರೆ, ಇವು ಕಂಡರೆ ರೋಗ. ಇದ್ದಕ್ಕಿದ್ದಂತೆ ಕಪ್ಪು ಮಚ್ಚೆಗಳು ಮೂಡಿದರೆ ಅಮೋನಿಯದಿಂದ ಸುಟ್ಟ ಚರ್ಮ ಮಾಯುತ್ತಿರುವ ಗುರುತಾಗಿರಬಹುದು. ರೋಗ ಯಾವುದೆಂದು ತಿಳಿಯದೆ ಔಷಧಿ ಸುರಿಯುವುದು ಕತ್ತಲೆಯಲ್ಲಿ ಕಲ್ಲೆಸೆದಂತೆ. ಎಷ್ಟೋ ವೇಳೆ ಅದು ಆ ಉಪಕಾರಿ ಬ್ಯಾಕ್ಟೀರಿಯಗಳನ್ನೇ ಕೊಲ್ಲುತ್ತದೆ.

ಮಾಡಬೇಕಾದದ್ದು ಹೆಚ್ಚೇನಿಲ್ಲ. ವಾರಕ್ಕೊಮ್ಮೆ ನಾಲ್ಕನೆಯ ಒಂದು ಪಾಲು ನೀರನ್ನು ಬದಲಾಯಿಸಬೇಕು. ನಲ್ಲಿಯ ನೀರಿನ ಕ್ಲೋರಿನ್ ಕಿವಿರುಗಳಿಗೆ ಕೇಡು. ಅಗಲವಾದ ಬಕೆಟಿನಲ್ಲಿ ಒಂದು ದಿನ ತೆರೆದಿಟ್ಟು, ಇಲ್ಲವೆ ಕ್ಲೋರಿನ್ ಕಳೆಯುವ ದ್ರಾವಣ ಬೆರೆಸಿ ಬಳಸಬೇಕು. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತಿಕ್ಕದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅಲುಬಬೇಕು. ಇದು ತಂಪುನೀರಿನ ಮೀನು. ನಮ್ಮ ಚೈತ್ರ ವೈಶಾಖಗಳ ಸೆಕೆಯಲ್ಲಿ ಬೆಚ್ಚಗಾದ ನೀರು ಆಮ್ಲಜನಕವನ್ನು ಕಡಿಮೆ ಹಿಡಿಯುವುದರಿಂದ ಗಾಳಿ ಊದುವ ಯಂತ್ರ ಅವಶ್ಯಕ. ಎರಡು ಮೀನಿಗೆ ನೂರು ಲೀಟರಿಗೆ ಕಡಿಮೆಯಿಲ್ಲದ ತೊಟ್ಟಿಯಿದ್ದರೆ ಒಳ್ಳೆಯದು. ದುಂಡು ಬೋಗುಣಿಯಂತೂ ಕೂಡದು. ರೋಮ್ ನಗರಸಭೆ 2005ರಲ್ಲಿ ಇಂಥ ಬೋಗುಣಿಗಳನ್ನು ನಿಷೇಧಿಸಿತು. ನಮಗೆ ಕಾನೂನೇ ಬಂದು ಹೇಳಬೇಕೆ?

"ಕೆರೆಗೆ ಬಿಟ್ಟರೆ ಪುಣ್ಯವಲ್ಲವೆ?" ಎನ್ನುವವರಿಗೆ ಒಂದು ಮಾತು. ಹೊನ್ನಮೀನು ಕೆರೆಯ ತಳದ ಕೆಸರನ್ನು ಕೆದಕಿ, ನೀರನ್ನು ಬಗ್ಗಡಮಾಡಿ, ಗಿಡಗಳನ್ನು ಕೀಳುತ್ತದೆ. 2021ರ ಜುಲೈನಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ ಬರ್ನ್ಸ್‌ವಿಲ್ ಪಟ್ಟಣದವರು ತಮ್ಮ ಕೆಲ್ಲರ್ ಸರೋವರದಿಂದ ಎರಡು ಕೈಗಳಲ್ಲಿ ಹಿಡಿಯಬೇಕಾದಷ್ಟು ದೊಡ್ಡ ಹೊನ್ನಮೀನುಗಳನ್ನು ಹಿಡಿದು, ಸಾಕಿದ ಮೀನನ್ನು ಸರೋವರಕ್ಕೆ ಬಿಡಬೇಡಿರೆಂದು ಜನರನ್ನು ಬೇಡಿಕೊಂಡರು. ಊಳಿನಿಂದಲೂ ಕೊಳಚೆಯಿಂದಲೂ ನರಳುತ್ತಿರುವ ನಮ್ಮ ಕೆರೆಗಳಿಗೆ ಈ ಹೊಸ ಹೊರೆ ಬೇಕೆ? ಸಾಕಲಾರದವರು ಸಾಕಬಲ್ಲವರಿಗೆ ಕೊಡಲಿ.

ಹೊನ್ನಮೀನನ್ನು ನಾವು ಬಣ್ಣಕ್ಕೆ ಮರುಳಾಗಿ ತರುತ್ತೇವೆ, ಅದರಲ್ಲಿ ತಪ್ಪಿಲ್ಲ. ಆದರೆ ತಂದ ದಿನದಿಂದ ಅದರ ನೀರು, ಅನ್ನ, ಬೆಳಕು ಎಲ್ಲವೂ ನಮ್ಮ ಋಣ. ತನಗೆ ಬೇಡವಾದ ನೀರನ್ನು ಬಿಟ್ಟು ಬೇರೆಡೆಗೆ ಹೋಗುವ ಸ್ವಾತಂತ್ರ್ಯ ಅದಕ್ಕಿಲ್ಲ. ಬಣ್ಣವಿದ್ದಷ್ಟು ದಿನ ನೋಡಿ ಸಂತೋಷಪಡೋಣ. ಹೋದ ದಿನ ಒಂದು ಬಕೆಟ್ ತಿಳಿನೀರನ್ನು ಹಿಡಿದಿಟ್ಟು, ನಾಳೆ ಅದಕ್ಕೆ ಬದಲಾಯಿಸೋಣ. ವಿದ್ಯಾರ್ಥಿಮಿತ್ರರಲ್ಲಿ ನನ್ನ ಬಿನ್ನಹ ಇಷ್ಟೆ.