ಎಳೆಯ ಕೈಗೆ ಟಿಲ್ಲರ್: ಕಲಿಕೆಗೊಂದು ಕ್ರಮವಿರಲಿ

ಮುಂಗಾರು ಆರಂಭವಾಗುತ್ತಿದ್ದಂತೆ ಕಾಪು, ಉಡುಪಿ, ಕಾರ್ಕಳ ತಾಲ್ಲೂಕುಗಳ ಗದ್ದೆಗಳಲ್ಲಿ ಟಿಲ್ಲರ್‌ಗಳ ಸದ್ದು ಕೇಳತೊಡಗುತ್ತದೆ. ತಂದೆ ಹಿಡಿಕೆ ಹಿಡಿದಿರುವಾಗ ಮಗನೂ ಕೈ ಸೇರಿಸುತ್ತಾನೆ. ಮುಂದೊಂದು ದಿನ ತಂದೆ ಕೈ ಬಿಡುತ್ತಾರೆ. ಈ ರೂಢಿಯನ್ನು ರೈತ ಬಾಂಧವರು ಮರುಪರಿಶೀಲಿಸಬೇಕಾಗಿದೆ.

ರೂಢಿಯ ಹಿಂದೆ ಅನಿವಾರ್ಯವೂ ಇದೆ. ಯುವಜನರು ಮುಂಬಯಿ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಿಗೆ ತೆರಳಿದಂತೆ ಅನೇಕ ಗದ್ದೆಗಳು ಹಡಿಲು ಬಿದ್ದವು. 2021ರಲ್ಲಿ ಉಡುಪಿಯಲ್ಲಿ ನಡೆದ ಹಡಿಲು ಭೂಮಿ ಆಂದೋಲನವು ಅಂತಹ ಗದ್ದೆಗಳನ್ನು ಮರಳಿ ಬೇಸಾಯಕ್ಕೆ ತಂದಿತು. ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಯಂತ್ರಗಳು ಬಾಡಿಗೆಗೆ ದೊರೆಯುತ್ತವೆ. ಆದರೆ ಎಲ್ಲರಿಗೂ ಒಂದೇ ವಾರದಲ್ಲಿ ಚಾಲಕರು ಬೇಕಾಗುತ್ತಾರೆ. ಆಗ ಮನೆಯ ಹುಡುಗನತ್ತ ಕಣ್ಣು ಹೋಗುವುದು ಸಹಜ.

ನಮ್ಮ ನೆಲದ ಸ್ವರೂಪವೇ ಇಲ್ಲಿ ಎಚ್ಚರಿಕೆ ಬೇಡುತ್ತದೆ. ಬೆಟ್ಟಿನಿಂದ ಮಜಲಿಗೆ, ಮಜಲಿನಿಂದ ಬೈಲಿಗೆ ಟಿಲ್ಲರ್ ಇಳಿಸುವಾಗ ಬಲಗಡೆಯ ಕ್ಲಚ್ ಒತ್ತಿದರೆ ಅದು ಬಲಕ್ಕಲ್ಲ, ಎಡಕ್ಕೆ ತಿರುಗಬಹುದು. ಎಂಜಿನ್ನಿನ ಹಿಡಿತ ತಪ್ಪಿದ ಚಕ್ರ ಇಳಿಜಾರಿನಲ್ಲಿ ಹೆಚ್ಚು ವೇಗವಾಗಿ ಉರುಳುವುದೇ ಇದಕ್ಕೆ ಕಾರಣ. ಹಿಂದಕ್ಕೆ ಚಲಿಸುವಾಗ ಹಿಡಿಕೆ ಮೇಲೇಳುತ್ತದೆ. ಅದನ್ನು ಅದುಮಿ ಹಿಡಿಯುವ ತೂಕ ಬಾಲಕನಿಗಿರುವುದಿಲ್ಲ. ರೋಟರಿ ತಿರುಗುತ್ತಲೇ ಇದ್ದರೆ ಅದರ ಅಲಗುಗಳಿಗೆ ಕಾಲು ಸಿಲುಕಬಹುದು.

ಕಾನೂನೂ ಸ್ಪಷ್ಟವಾಗಿದೆ. 2016ರ ತಿದ್ದುಪಡಿಯ ಬಳಿಕ 14 ವರ್ಷದೊಳಗಿನವರು ಶಾಲೆಯ ಅವಧಿಯ ನಂತರ ಅಥವಾ ರಜೆಯಲ್ಲಿ ಮನೆಯವರಿಗೆ ನೆರವಾಗಬಹುದು. ಅಪಾಯಕಾರಿ ಕೆಲಸಗಳಲ್ಲಿ ಮಾತ್ರ ಅದಕ್ಕೂ ಅವಕಾಶವಿಲ್ಲ. ರಸ್ತೆಯ ಮೇಲೆ ಟ್ರಾಕ್ಟರ್ ನಡೆಸಲು 18 ವರ್ಷ ತುಂಬಿರಬೇಕು, ಪರವಾನಗಿಯೂ ಇರಬೇಕು. 2019ರ ತಿದ್ದುಪಡಿಯಂತೆ ಅಪ್ರಾಪ್ತರ ಅಪರಾಧಕ್ಕೆ ಪೋಷಕರು ಅಥವಾ ವಾಹನದ ಮಾಲೀಕರು 3 ವರ್ಷಗಳವರೆಗಿನ ಸೆರೆವಾಸ ಹಾಗೂ 25,000 ರೂಪಾಯಿ ದಂಡಕ್ಕೆ ಗುರಿಯಾಗಬಹುದು.

ಹಾಗೆಂದು ಮಕ್ಕಳನ್ನು ಯಂತ್ರದಿಂದ ಪೂರ್ಣವಾಗಿ ದೂರವಿಟ್ಟರೆ ನಾಳೆ ಚಾಲಕರು ಎಲ್ಲಿಂದ ಬಂದಾರು? ಕಲಿಕೆಯನ್ನು ವಯಸ್ಸಿಗೆ ತಕ್ಕಂತೆ ಹಂಚಿಕೊಳ್ಳಬಹುದು:

- 14 ವರ್ಷದವರೆಗೆ: ಬದುವಿನ ಮೇಲೆ ದೂರ ನಿಂತು ನೋಡುವುದು, ಬಿಡಿಭಾಗಗಳ ಹೆಸರು ತಿಳಿಯುವುದು, ಉಳುಮೆಯ ಹದ ಗುರುತಿಸುವುದು.
- 14ರಿಂದ 18: ಎಂಜಿನ್ ನಿಲ್ಲಿಸಿ ತಣಿದ ಬಳಿಕ ಹಿರಿಯರ ಸಮ್ಮುಖದಲ್ಲಿ ಎಣ್ಣೆಯ ಮಟ್ಟ, ಗಾಳಿ ಶೋಧಕ, ಬೆಲ್ಟಿನ ಬಿಗಿ ಪರೀಕ್ಷಿಸುವುದು, ದಿನಚರಿ ಪುಸ್ತಕ ಬರೆಯುವುದು.
- 18ರ ನಂತರ: ಮೊದಲು ಒಣಗಿದ ಸಮತಟ್ಟು ಗದ್ದೆ, ಬಳಿಕ ಕೆಸರು, ಕೊನೆಯಲ್ಲಿ ಇಳಿಜಾರು.

ವಿಸ್ತರಣಾ ಕಾರ್ಯಕರ್ತರು ಪ್ರಾತ್ಯಕ್ಷಿಕೆಗೆ ಹೋದಾಗ ಮನೆಯಲ್ಲಿ ಟಿಲ್ಲರ್ ನಡೆಸುವವರು ಯಾರೆಂದು ವಿಚಾರಿಸಿರಿ. 18 ತುಂಬಿದ ಆಸಕ್ತರ ಹೆಸರು ಬರೆದುಕೊಂಡು, ಅವರಿಗೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದ ಸಂಪರ್ಕ ಕಲ್ಪಿಸಿರಿ.