ಬುಸಾನ್‌ಗೆ ಹೋದ್ರೆ ಬೀಚು ಕೊನೆಗಿರಲಿ

"ಬುಸಾನ್‌ನಲ್ಲಿ ನೋಡಲೇಬೇಕಾದ ಹತ್ತು ಜಾಗ ಬರೆದು ಕಳಿಸು ಮಾರಾಯ. ಪಟ್ಟಿ ಸಾಕು, ಕಥೆ ಬೇಡ." ನನ್ನ ರೂಮ್‌ಮೇಟ್ ಈ ಮೆಸೇಜ್ ಹಾಕಿ ಮೂರು ವಾರ ಆಯ್ತು. ಪ್ಲೇಸ್‌ಮೆಂಟ್ ಆದ ಖುಷಿಗೆ ಅವನೂ ಅವನ ಅಕ್ಕನೂ ಕೊರಿಯಾಕ್ಕೆ ಹೊರಟಿದ್ದಾರೆ. ನಾನು ಹೋದ ವರ್ಷ ಎಕ್ಸ್‌ಚೇಂಜ್ ಅಂತ ಅಲ್ಲಿ ಒಂದು ಸೆಮಿಸ್ಟರ್ ಇದ್ದು ಬಂದವನು, ಅದರಲ್ಲಿ ನಾಲ್ಕು ದಿನ ಬುಸಾನ್‌ನಲ್ಲಿ ಕಳೆದವನು. ಹಾಗಾಗಿ ನಾನು ಎಕ್ಸ್‌ಪರ್ಟ್ ಅಂತ ಅವನ ಲೆಕ್ಕ. ಪಟ್ಟಿ ಬರೆಯೋಕೆ ಎರಡು ಸಲ ಕೂತೆ. ಹೇಉಂಡೆ ಬೀಚ್, ಗ್ವಾಂಗಾನ್ ಸೇತುವೆ, ಗಾಮ್‌ಚಾನ್‌ನ ಬಣ್ಣದ ಮನೆಗಳು... ಮೂರನೇದಕ್ಕೆ ಬರುವಾಗ ಕೈ ನಿಂತುಬಿಡ್ತು. ಯಾಕೆ ಅಂತ ಹೇಳೋಕೇ ಈ ಲೇಖನ.

ನಮ್ಮಲ್ಲಿ ಹೆಚ್ಚಿನವರಿಗೆ ಬುಸಾನ್ ಗೊತ್ತಿರೋದು 2016ರ 'ಟ್ರೈನ್ ಟು ಬುಸಾನ್' ಸಿನಿಮಾದಿಂದ. ಹಾಸ್ಟೆಲ್‌ನಲ್ಲಿ ಒಂದೇ ಲ್ಯಾಪ್‌ಟಾಪ್ ಮುಂದೆ ಎಂಟು ಜನ ಕೂತು ನೋಡಿದ್ದೆವು. ದೇಶದ ತುಂಬ ಜಾಂಬಿಗಳು, ಸೋಲ್‌ನಿಂದ ಹೊರಟ ರೈಲು, ಬುಸಾನ್ ತಲುಪಿದರೆ ಬದುಕು. ಬುಸಾನೇ ಯಾಕೆ, ಬೇರೆ ಊರು ಯಾಕಲ್ಲ ಅಂತ ನಾವ್ಯಾರೂ ಕೇಳಲಿಲ್ಲ. ಕೊರಿಯನ್ನರಿಗೆ ಅದನ್ನು ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ ಅಂತ ನನಗೆ ಅಲ್ಲಿಗೆ ಹೋದ ಮೇಲೆ ಅನ್ನಿಸಿತು. 1950ರ ಜೂನ್ 25ಕ್ಕೆ ಉತ್ತರ ಕೊರಿಯಾದ ಸೇನೆ ದಕ್ಷಿಣಕ್ಕೆ ನುಗ್ಗಿತು. ಮೂರೇ ದಿನಕ್ಕೆ ಸೋಲ್ ಬಿತ್ತು. ಆಗಸ್ಟ್ ಹೊತ್ತಿಗೆ ದಕ್ಷಿಣದವರ ಕೈಯಲ್ಲಿ ಉಳಿದದ್ದು ನಾಕ್‌ದೊಂಗ್ ನದಿಯ ಆಚೆಗಿನ ಒಂದು ಮೂಲೆ ಮಾತ್ರ. ಆ ಮೂಲೆಯ ಬಂದರು ಬುಸಾನ್. ಸರ್ಕಾರ ಅಲ್ಲಿಗೆ ಓಡಿತು, ಜನ ಅಲ್ಲಿಗೆ ಓಡಿದರು. 1953ರವರೆಗೆ ಬಹುಪಾಲು ಅದೇ ದೇಶದ ತಾತ್ಕಾಲಿಕ ರಾಜಧಾನಿ.

ಯುದ್ಧಕ್ಕೆ ಮುಂಚೆ ಸುಮಾರು ನಾಲ್ಕೈದು ಲಕ್ಷ ಜನರಿದ್ದ ಊರು ಕೆಲವೇ ವರ್ಷದಲ್ಲಿ ದುಪ್ಪಟ್ಟಾಯಿತು. ಎದುರಿಗೆ ಸಮುದ್ರ, ಹಿಂದೆ ಗುಡ್ಡ, ನಡುವೆ ಇದ್ದ ಚೂರು ಸಮತಟ್ಟು ಜಾಗ ಮೊದಲೇ ತುಂಬಿತ್ತು. ಬಂದವರು ಗುಡ್ಡ ಹತ್ತಿದರು. ಹಲಗೆ, ತಗಡು, ರಟ್ಟು, ಸಿಕ್ಕಿದ್ದರಲ್ಲಿ ಗೂಡು ಕಟ್ಟಿಕೊಂಡರು. ಇವತ್ತು ಗುಡ್ಡದ ಹೊಟ್ಟೆಯ ಸುತ್ತ ಸುತ್ತುವ ರಸ್ತೆಗಳಿಗೆ 'ಸಾನ್‌ಬೊಕ್ ದೋರೊ' ಅಂತಾರೆ, ಅಂದ್ರೆ ಹೆಚ್ಚುಕಮ್ಮಿ ಬೆಟ್ಟದ ಹೊಟ್ಟೆಯ ರಸ್ತೆ. ಚೊರ್ಯಾಂಗ್ ಅನ್ನುವಲ್ಲಿ ಬಂದರಿನ ಕಡೆಯಿಂದ ಮನೆಗಳಿಗೆ ಹೋಗೋಕೆ 168 ಮೆಟ್ಟಿಲು, ಕೆಳಗಡೆ ಬಾವಿ. ಆ ಬಾವಿಯಿಂದ ನೀರು ಹೊತ್ತು ಹತ್ತಿದವರನ್ನು ನೆನೆಸಿಕೊಂಡರೆ ನಮ್ಮ ಮೂರನೇ ಮಹಡಿಯ ಲ್ಯಾಬ್ ಬಗ್ಗೆ ಗೊಣಗೋಕೆ ಮುಖ ಬರಲ್ಲ. ನಾವು ರೀಲ್ಸ್‌ನಲ್ಲಿ ನೋಡಿ "ವಾವ್" ಅನ್ನುವ ಆ ಗುಡ್ಡದ ಮನೆಗಳ ನೋಟವನ್ನು ಯಾರೂ ಪ್ಲಾನ್ ಮಾಡಿ ಕಟ್ಟಿದ್ದಲ್ಲ. ಇವತ್ತು ರಾತ್ರಿ ಮಕ್ಕಳನ್ನು ಎಲ್ಲಿ ಮಲಗಿಸೋದು ಅನ್ನುವ ಪ್ರಶ್ನೆಗೆ ಸಿಕ್ಕಿದ ಉತ್ತರ ಅದು.

ಇದನ್ನು ಬಿಟ್ಟು ಬರೀ ಪಟ್ಟಿ ಕೊಟ್ಟರೆ ಆ ಊರಿಗೆ ಮೋಸ ಮಾಡಿದ ಹಾಗೆ. ನನ್ನ ಅಭಿಪ್ರಾಯ ಇಷ್ಟೇ: ಬುಸಾನನ್ನು ಮೆಟ್ರೋ ಒಂದನೇ ಲೈನ್‌ನಲ್ಲಿ ಶುರು ಮಾಡಿ. ರೈಲ್ವೆ ಸ್ಟೇಷನ್ ಆದ ಮೇಲೆ ಜುಂಗಾಂಗ್, ನಾಂಪೊ, ಜಗಾಲ್ಚಿ, ತೊಸಂಗ್. ಈ ನಾಲ್ಕು ಸ್ಟೇಷನ್ ಸುತ್ತಮುತ್ತ ನಡೆದರೆ ಆ ಮೂರು ವರ್ಷಗಳ ಊರು ಕಣ್ಣಿಗೆ ಬೀಳುತ್ತೆ.

ಜುಂಗಾಂಗ್ ಹತ್ತಿರ 'ನಲವತ್ತು ಮೆಟ್ಟಿಲು' ಇದೆ. ನೋಡೋಕೆ ಏನೂ ಇಲ್ಲ, ನಲವತ್ತೇ ಮೆಟ್ಟಿಲು. ನಿರಾಶ್ರಿತರು ಸಾಮಾನು ಮಾರುತ್ತಾ, ಕಳೆದುಹೋದ ಮನೆಯವರಿಗಾಗಿ ಕಾಯುತ್ತಾ ಕೂರುತ್ತಿದ್ದ ಜಾಗ. ಐದು ನಿಮಿಷ ಸಾಕು.

ನಾಂಪೊ ಹತ್ತಿರದ ಯೊಂಗ್ಡೊ ಸೇತುವೆಗೆ ಮಾತ್ರ ಸಮಯ ಇಟ್ಟುಕೊಳ್ಳಿ. ನಾನು ಸಿವಿಲ್‌ನವನು ಅನ್ನೋದಕ್ಕೆ ಹೇಳ್ತಿಲ್ಲ. 1934ರಲ್ಲಿ ಜಪಾನೀಯರ ಆಳ್ವಿಕೆಯಲ್ಲಿ ಕಟ್ಟಿದ ಎತ್ತುವ ಸೇತುವೆ ಅದು: ಒಂದು ಭಾಗ ಮೇಲೆದ್ದು ಹಡಗಿಗೆ ದಾರಿ ಬಿಡುತ್ತೆ. ಆ ಕಾಲಕ್ಕೆ ಎಷ್ಟು ಸೋಜಿಗ ಅಂದ್ರೆ, ಬುಸಾನನ್ನೇ ನೋಡದ ಉತ್ತರದ ಹಳ್ಳಿಯವರಿಗೂ ಅದರ ಹೆಸರು ಗೊತ್ತಿತ್ತು. ಯುದ್ಧದಲ್ಲಿ ಗುಂಪಿನಲ್ಲಿ ಕೈತಪ್ಪುವ ಮುಂಚೆ ಗಂಡ ಹೆಂಡತಿಗೆ, ಅಮ್ಮ ಮಗನಿಗೆ ಹೇಳಿದ್ದು ಒಂದೇ ಮಾತು, "ಯೊಂಗ್ಡೊ ಸೇತುವೆ ಹತ್ತಿರ ಸಿಗೋಣ." ಮೊಬೈಲಿಲ್ಲ, ವಿಳಾಸ ಇಲ್ಲ, ಗೊತ್ತಿದ್ದದ್ದು ಆ ಒಂದು ಹೆಸರು. ಜನ ಬಂದು ಕಾದರು. ಸಿಗದಿದ್ದಾಗ ಸೇತುವೆಯ ಬುಡದಲ್ಲಿ ಕೂರುತ್ತಿದ್ದ ಜ್ಯೋತಿಷಿಗಳ ಹತ್ತಿರ ಹೋಗಿ, ಬದುಕಿದ್ದಾರಾ ಇಲ್ವಾ ಹೇಳಿ ಅಂತ ಕೇಳಿದರು. ಎಷ್ಟು ಜನ ಕೇಳಿರಬೇಕು ಅಂದ್ರೆ, ಅಲ್ಲಿ ಜ್ಯೋತಿಷಿಗಳದ್ದೇ ಒಂದು ಓಣಿ ಆಗಿಹೋಗಿತ್ತು.

1966ರಲ್ಲಿ ಸೇತುವೆ ಎತ್ತೋದನ್ನು ನಿಲ್ಲಿಸಿದರು. ಮತ್ತೆ ಕಟ್ಟಿ 2013ರಲ್ಲಿ ಎತ್ತೋಕೆ ಶುರು ಮಾಡಿದರು, ಹಡಗಿಗಲ್ಲ, ನೋಡೋರಿಗೆ. ನಾನು ಹೋಗಿದ್ದು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ. ಗಾಡಿಗಳು ನಿಂತವು, ಲೇನಿನ ಗೆರೆ ಎಳೆದ ಡಾಂಬರು ರಸ್ತೆ ಹಾಗೇ ಆಕಾಶಕ್ಕೆ ಎದ್ದು ನಿಂತಿತು. ಪಕ್ಕದಲ್ಲಿ ವಯಸ್ಸಾದವರೊಬ್ಬರು ಕ್ಯಾಮೆರಾ ತೆಗೆಯಲೇ ಇಲ್ಲ, ಸುಮ್ಮನೆ ನೋಡ್ತಾ ನಿಂತಿದ್ದರು. ಅವರ ಕಥೆ ನನಗೆ ಗೊತ್ತಿಲ್ಲ, ಕೇಳುವಷ್ಟು ಕೊರಿಯನ್ ಭಾಷೆಯೂ ಬರಲ್ಲ. ನಾನು ವಿಡಿಯೋ ಮಾಡ್ತಾ ಇದ್ದವನು ಅರ್ಧಕ್ಕೇ ನಿಲ್ಲಿಸಿದೆ.

ಜಗಾಲ್ಚಿ ಮೀನು ಮಾರುಕಟ್ಟೆ ಕರಾವಳಿಯವರಿಗೆ ಮನೆ ಇದ್ದ ಹಾಗೆ. ಅದೇ ವಾಸನೆ, ಅದೇ ಒದ್ದೆ ನೆಲ, ಅದೇ ಜೋರು ದನಿಯ ಹೆಂಗಸರು. ವ್ಯಾಪಾರ ನಡೆಸೋದು ಹೆಚ್ಚಾಗಿ ಅವರೇ, 'ಜಗಾಲ್ಚಿ ಅಜುಮ್ಮ' ಅಂತಲೇ ಪ್ರಸಿದ್ಧರು. ಕನ್ನಡ ಸಂಘದವರಿಗೆ ಇಲ್ಲೊಂದು ವಿಷಯ ಹೇಳಲೇಬೇಕು. ಮಾರುಕಟ್ಟೆಯ ಘೋಷವಾಕ್ಯ "ಓಇಸೊ, ಬೋಇಸೊ, ಸಾಇಸೊ": ಬನ್ನಿ, ನೋಡಿ, ಕೊಳ್ಳಿ. ಇದು ಸೋಲ್‌ನ ಶಿಷ್ಟ ಕೊರಿಯನ್ ಅಲ್ಲ, ಅಪ್ಪಟ ಬುಸಾನ್ ಕಡೆಯ ಮಾತು. ಆ ಊರು ತನ್ನ ಗ್ರಾಮ್ಯವನ್ನು ಬೋರ್ಡಿಗೆ ಹಾಕಿ ಮೆರೆಯುತ್ತೆ. ನಮ್ಮ ಕ್ಯಾಂಪಸ್ಸಿನಲ್ಲಿ ಕುಂದಾಪುರದವನೂ ಕಲಬುರಗಿಯವನೂ ಮೊದಲ ವಾರದಲ್ಲೇ ತಮ್ಮ ಮಾತು ಬಚ್ಚಿಟ್ಟುಕೊಂಡು 'ಬೆಂಗಳೂರು ಕನ್ನಡ' ಕಲೀತಾರೆ. (ನಾನೂ ಕಲಿತೆ, ಅದು ಬೇರೆ.)

ಅಲ್ಲಿಂದ ನಡೆದುಕೊಂಡೇ ಗುಕ್ಜೆ ಮಾರುಕಟ್ಟೆ, ಅದರಾಚೆ ಬೊಸು-ದೊಂಗ್‌ನ ಹಳೇ ಪುಸ್ತಕದ ಓಣಿ. ಯುದ್ಧಕಾಲದಲ್ಲಿ ಸೋಲ್‌ನ ಕಾಲೇಜುಗಳೂ ಬುಸಾನ್‌ಗೆ ಬಂದಿದ್ದವು. ಗುಡ್ಡದ ಮೇಲೆ ಡೇರೆ ಹಾಕಿ ಪಾಠ ಮಾಡ್ತಿದ್ದರು. ಹೊಸ ಪುಸ್ತಕಕ್ಕೆ ದುಡ್ಡಿಲ್ಲದ ವಿದ್ಯಾರ್ಥಿಗಳು ಈ ಓಣಿಯಲ್ಲಿ ಹಳೇದು ಕೊಳ್ತಿದ್ದರು, ಹಸಿವಾದಾಗ ತಮ್ಮದನ್ನು ಮಾರ್ತಿದ್ದರು. ಈಗಲೂ ನೆಲದಿಂದ ಸೂರಿನ ತನಕ ಪೇರಿಸಿದ ಪುಸ್ತಕ. ಒಂದು ಅಂಗಡಿಯಲ್ಲಿ ಹಳೇ ಸ್ಟ್ರಕ್ಚರಲ್ ಅನಾಲಿಸಿಸ್ ಪುಸ್ತಕ ಸಿಕ್ತು. ಮಾರ್ಜಿನ್‌ನಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಬೆಂಡಿಂಗ್ ಮೊಮೆಂಟ್ ಡಯಾಗ್ರಾಮ್ ಬಿಡಿಸಿದ್ದರು, ತಪ್ಪಾಗಿ. ನಮ್ಮವನೇ ಅನ್ನಿಸ್ತು.

ಊಟದಲ್ಲೂ ಇದೇ ಕಥೆ. ಉತ್ತರದಿಂದ ಬಂದವರಿಗೆ ತಣ್ಣನೆ ಸಾರಿನ ಬಕ್‌ವೀಟ್ ನೂಡಲ್ಸ್ ಬೇಕು, ಆದರೆ ಇಲ್ಲಿ ಬಕ್‌ವೀಟ್ ಸಿಗಲ್ಲ, ಸಿಗೋದು ಅಮೆರಿಕದ ನೆರವಿನ ಗೋಧಿಹಿಟ್ಟು. ಅದರಲ್ಲೇ ಮಾಡಿದರು, 'ಮಿಲ್‌ಮ್ಯನ್' ಅಂತ ಹೆಸರಾಯ್ತು, ಈಗ ಅದೇ ಊರಿನ ವಿಶೇಷ. ಸಸ್ಯಾಹಾರಿಗಳಿಗೆ ಬುಸಾನ್ ಕಷ್ಟ, ಮುಚ್ಚಿಡಲ್ಲ. ಕಾಣೋಕೆ ಬರೀ ತರಕಾರಿ ಅನ್ನಿಸಿದರೂ ಸಾರು ಮೀನಿನದ್ದೋ ಮಾಂಸದ್ದೋ ಇರುತ್ತೆ. ಬೀದಿಯಲ್ಲಿ 'ಸಿಆತ್ ಹೊತ್ತೊಕ್' ಸಿಗುತ್ತೆ: ಕರಿದ ರೊಟ್ಟಿ ಸೀಳಿ ಒಳಗೆ ಸಕ್ಕರೆ, ಬೀಜಗಳನ್ನು ತುಂಬಿದ್ದು. ನಮ್ಮ ಹೋಳಿಗೆಯ ದೂರದ ನೆಂಟ. ಎರಡು ದಿನ ಅದರಲ್ಲೇ ಬದುಕಿದವರನ್ನು ನೋಡಿದ್ದೇನೆ.

ಈಗ ನನ್ನ ಕೈ ನಿಂತ ಜಾಗಕ್ಕೆ ಬರ್ತೀನಿ. ತೊಸಂಗ್‌ನಲ್ಲಿ ಇಳಿದರೆ ಗಾಮ್‌ಚಾನ್‌ಗೆ ಹೋಗುವ ಸಣ್ಣ ಬಸ್ಸು ಹತ್ತಬೇಕು. ಬಸ್ಸು ಏದುಸಿರು ಬಿಡುತ್ತಾ ಗುಡ್ಡ ಹತ್ತುವಾಗ ಆಮಿ-ದೊಂಗ್ ಅನ್ನುವ ಬಡಾವಣೆ ದಾಟುತ್ತೆ. ಟೂರಿಸ್ಟ್‌ಗಳಲ್ಲಿ ಹೆಚ್ಚಿನವರು ಇಲ್ಲಿ ಇಳಿಯಲ್ಲ. ಇದು ಜಪಾನೀಯರ ಸ್ಮಶಾನ ಇದ್ದ ಜಾಗ. 1945ರಲ್ಲಿ ಅವರು ಹೋದರು, ಗೋರಿಗಳು ಉಳಿದವು. ಐದು ವರ್ಷದ ಮೇಲೆ ನಿರಾಶ್ರಿತರು ಬಂದಾಗ ಖಾಲಿ ಇದ್ದದ್ದು ಸ್ಮಶಾನ ಮಾತ್ರ. ಗೋರಿಗಳ ಮೇಲೆಯೇ ಮನೆ ಕಟ್ಟಿದರು. ಹೆಸರು ಕೆತ್ತಿದ ಸಮಾಧಿ ಕಲ್ಲುಗಳೇ ಅಡಿಪಾಯವಾದವು, ಮೆಟ್ಟಿಲಾದವು. ಇವತ್ತಿಗೂ ಓಣಿಯಲ್ಲಿ ಗ್ಯಾಸ್ ಸಿಲಿಂಡರ್ ಕೆಳಗಿನ ಕಲ್ಲು ನೋಡಿದರೆ ಅಕ್ಷರ ಕಾಣುತ್ತೆ. ಯಾರ ಗೋರಿಯ ಮೇಲೆ ಅಡುಗೆ ಮಾಡ್ತಿದ್ದೇವೋ ಅವರಿಗೂ ಒಂದು ತುತ್ತು ಅಂತ ಅಲ್ಲಿನವರು ಎಡೆ ಇಡುತ್ತಿದ್ದರಂತೆ. ತಮ್ಮನ್ನು 35 ವರ್ಷ ಆಳಿದವರ ಪ್ರೇತಗಳಿಗೆ!

ನಾನು ಇದನ್ನೆಲ್ಲ ನೋಡಿದ್ದು ವಾಪಸ್ ಬರುವಾಗ. ಹೋಗುವಾಗ ಎಲ್ಲರ ಹಾಗೆ ನೇರ ಗಾಮ್‌ಚಾನ್‌ನಲ್ಲೇ ಇಳಿದೆ. 1950ರ ದಶಕದಲ್ಲಿ ಒಂದು ಧಾರ್ಮಿಕ ಪಂಥದವರೂ ನಿರಾಶ್ರಿತರೂ ನೆಲೆಸಿದ ಗುಡ್ಡ ಅದು. ಹಿಂದಿನ ಮನೆಯ ನೋಟಕ್ಕೆ ಮುಂದಿನ ಮನೆ ಅಡ್ಡ ಬರದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ್ದಾರೆ. 2009ರಲ್ಲಿ ಸರ್ಕಾರದ ದುಡ್ಡಿನಲ್ಲಿ ಕಲಾವಿದರು, ಅಲ್ಲಿನ ಜನ ಸೇರಿ ಗೋಡೆಗಳಿಗೆ ಬಣ್ಣ ಬಳಿದು, ಶಿಲ್ಪ ಇಟ್ಟು ಊರನ್ನೇ ಬದಲಾಯಿಸಿದರು. ಲಿಟಲ್ ಪ್ರಿನ್ಸ್ ಗೊಂಬೆಯ ಪಕ್ಕ ಕೂತು ಫೋಟೋ ತೆಗೆಸಿಕೊಳ್ಳೋಕೆ ಉದ್ದ ಕ್ಯೂ. ಬಿಟಿಎಸ್‌ನ ಜಿಮಿನ್, ಜಂಗ್‌ಕುಕ್ ಇಬ್ಬರೂ ಬುಸಾನ್‌ನವರು, ಅವರ ಚಿತ್ರದ ಗೋಡೆಗೂ ಕ್ಯೂ.

ಕ್ಯೂ ಬೇಡ ಅಂತ ನಾನು ಒಂದು ಕಿರಿದಾದ ಓಣಿಗೆ ನುಗ್ಗಿದೆ. ನೀಲಿ ಗೋಡೆ, ಸಣ್ಣ ಕಿಟಕಿ, ಹಗ್ಗದ ಮೇಲೆ ಬಟ್ಟೆ, ಕಿಟಕಿಯಲ್ಲಿ ಒಬ್ಬರು ಅಜ್ಜಿ. ಫ್ರೇಮ್ ಅಂದ್ರೆ ಫ್ರೇಮ್. ಕ್ಲಿಕ್ ಮಾಡಿದೆ. ಅಜ್ಜಿ ಬೈಯಲಿಲ್ಲ. ನನ್ನ ಕಡೆ ಒಂದು ಸಲ ನೋಡಿ, ಕಿಟಕಿ ಮುಚ್ಚಿಕೊಂಡರು, ಅಷ್ಟೇ. ದಿನಕ್ಕೆ ಎಷ್ಟು ಸಲ ಮುಚ್ಚುತ್ತಾರೋ. ಓಣಿಯ ತುದಿಗೆ ಬಂದ ಮೇಲೆ ಬೋರ್ಡ್ ಕಂಡಿತು: ಇಲ್ಲಿ ಜನ ವಾಸ ಮಾಡ್ತಾರೆ, ದಯವಿಟ್ಟು ಸದ್ದು ಮಾಡಬೇಡಿ. ನಮ್ಮ ಅಜ್ಜಿ ಮನೆಯ ಅಂಗಳಕ್ಕೆ ಯಾರೋ ಹೊರಗಿನವನು ಬಂದು, ಅವಳು ಸೆರಗು ಸರಿ ಮಾಡಿಕೊಳ್ಳುವ ಮುಂಚೆ ಫೋಟೋ ಹೊಡೆದು ಹೋದರೆ? ನಾನು ಸುಮ್ಮನಿರ್ತಿದ್ದೆನಾ? ಆ ಫೋಟೋ ಇನ್ನೂ ಫೋನಲ್ಲಿದೆ. ಪೋಸ್ಟ್ ಮಾಡಿಲ್ಲ, ಡಿಲೀಟ್ ಮಾಡೋಕೂ ಆಗಿಲ್ಲ.

ಹಾಗಂತ ಗಾಮ್‌ಚಾನ್‌ಗೆ ಹೋಗಬೇಡಿ ಅಂತ ನಾನು ಹೇಳಲ್ಲ. ಇದನ್ನು ಬರೆದು ತೋರಿಸಿದಾಗ ಗೆಳತಿಯೊಬ್ಬಳು ಕೇಳಿದಳು: "ಟೂರಿಸ್ಟ್ ಬರದಿದ್ರೆ ಆ ಮನೆಗಳನ್ನು ಯಾವತ್ತೋ ಕೆಡವಿ ಅಪಾರ್ಟ್‌ಮೆಂಟ್ ಕಟ್ತಿದ್ದರು, ಅಜ್ಜಿಗೆ ಅದು ಒಳ್ಳೇದಾ?" ನ್ಯಾಯವಾದ ಪ್ರಶ್ನೆ. ಅಲ್ಲಿನ ಜನರೇ ನಡೆಸುವ ಅಂಗಡಿಗಳಿವೆ, ಬಂದ ದುಡ್ಡು ಊರಿಗೂ ಹೋಗುತ್ತೆ. ಬಣ್ಣ ಬಳಿದದ್ದು ತಪ್ಪಲ್ಲ. ಬಣ್ಣ ಮಾತ್ರ ನೋಡಿ ಬಂದದ್ದು ನನ್ನ ತಪ್ಪು. ಅದಕ್ಕೇ ಹೇಳೋದು, ಮೊದಲು ಆಮಿ-ದೊಂಗ್‌ನಲ್ಲಿ ಇಳಿದು, ಅಲ್ಲಿಂದ ನಡೆದು ಗಾಮ್‌ಚಾನ್‌ಗೆ ಹೋಗಿ. ಸಮಾಧಿ ಕಲ್ಲು ನೋಡಿದ ಕಣ್ಣಿಗೆ ನೀಲಿ ಗೋಡೆ ಬೇರೆ ಥರ ಕಾಣುತ್ತೆ. ಕಿಟಕಿಯಲ್ಲಿ ಯಾರಾದರೂ ಇದ್ದರೆ ಫೋನ್ ಕೆಳಗಿಡಿ.

ಎರಡನೇ ಲೈನ್‌ನ ದೇಯನ್ ಸ್ಟೇಷನ್ ಹತ್ತಿರ ವಿಶ್ವಸಂಸ್ಥೆಯ ಸ್ಮಾರಕ ಸ್ಮಶಾನ ಇದೆ. 1951ರಲ್ಲಿ ಆದದ್ದು, ಹಲವು ದೇಶಗಳ ಸುಮಾರು 2,300 ಜನರ ಸಮಾಧಿ. ನಡುವೆ ಹರಿಯುವ ಸಣ್ಣ ನೀರಿನ ಕಾಲುವೆಗೆ ಅಲ್ಲಿ ಮಲಗಿರುವವರಲ್ಲಿ ಎಲ್ಲರಿಗಿಂತ ಚಿಕ್ಕವನಾದ ಡಾಂಟ್‌ನ ಹೆಸರು. ಆಸ್ಟ್ರೇಲಿಯಾದ ಹುಡುಗ, ಹದಿನೇಳು ವರ್ಷ. ನಮ್ಮಲ್ಲಿ ಸಿಇಟಿ ಬರೆಯುವ ವಯಸ್ಸು. ಭಾರತ ಕಾದಾಡುವ ಸೈನ್ಯ ಕಳಿಸಲಿಲ್ಲ, ವೈದ್ಯಕೀಯ ದಳ ಕಳಿಸಿತು. 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ 1950ರ ನವೆಂಬರ್‌ನಲ್ಲಿ ಬಂದಿಳಿದದ್ದು ಇದೇ ಬುಸಾನ್ ಬಂದರಿಗೆ. 1953ರಲ್ಲಿ, ವಾಪಸ್ ಹೋಗಲು ಒಪ್ಪದ ಯುದ್ಧಕೈದಿಗಳ ವಿಚಾರ ನೋಡಿಕೊಳ್ಳಲು ಮಾಡಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ನಮ್ಮ ಕೊಡಗಿನ ತಿಮ್ಮಯ್ಯ. ಮಡಿಕೇರಿಯಲ್ಲಿ ಅವರ ಮನೆ ನೋಡಿ ಬಂದವರು ನಮ್ಮಲ್ಲಿ ತುಂಬ ಜನ ಇದ್ದೀರಿ. ಕೊರಿಯಾ ಅಂದ್ರೆ ನಮಗೂ ಅದಕ್ಕೂ ಇರುವ ನಂಟು ಬರೀ ಡ್ರಾಮಾ, ನೂಡಲ್ಸ್ ಅಂದುಕೊಂಡವರು ಇದನ್ನೂ ಸೇರಿಸಿಕೊಳ್ಳಿ.

ಆಮೇಲೆ ಬೇಕಾದ್ದು ನೋಡಿ. ಸಿವಿಲ್, ಮೆಕ್ಯಾನಿಕಲ್‌ನವರಿಗೆ ಊರು ಹಬ್ಬ. ಗ್ವಾಂಗಾನ್ ಸೇತುವೆ 7.4 ಕಿ.ಮೀ., ಎರಡು ಅಂತಸ್ತು. ಬುಸಾನ್ ಸಿನಿಮಾ ಸೆಂಟರ್‌ನ ಚಾವಣಿ 85 ಮೀಟರ್ ಕ್ಯಾಂಟಿಲಿವರ್, ಕೆಳಗೆ ನಿಂತರೆ ಎದೆ ಝಲ್ಲೆನ್ನುತ್ತೆ. ಗೋಜೆ ದ್ವೀಪಕ್ಕೆ ಹೋಗುವ ದಾರಿಯಲ್ಲಿ ಸಮುದ್ರದ ತಳದಲ್ಲಿ ಕಾಂಕ್ರೀಟ್ ಕೊಳವೆಗಳನ್ನು ಮುಳುಗಿಸಿ ಜೋಡಿಸಿದ ಸುರಂಗ, 180 ಮೀಟರ್‌ನ 18 ತುಂಡು, 2010ರಲ್ಲಿ ತೆರೆದದ್ದು. ಅದರ ಬಗ್ಗೆ ಬೇರೆ ಲೇಖನವೇ ಬೇಕು, ಸಂಪಾದಕರು ಜಾಗ ಕೊಟ್ಟರೆ. ಸಮುದ್ರದ ಬಂಡೆಯ ಮೇಲಿನ ಹೆದೊಂಗ್ ಯೊಂಗುಂಗ್ಸಾ ದೇವಸ್ಥಾನ ಬೆಳಿಗ್ಗೆ ಬೇಗ ಹೋದರೆ ಮಾತ್ರ ಚೆನ್ನ. ಹೇಉಂಡೆ ಬೀಚು ಬೀಚಿನ ಹಾಗಿದೆ, ಹಿಂದೆ ದೊಡ್ಡ ದೊಡ್ಡ ಕಟ್ಟಡ. ಮಲ್ಪೆ ನೋಡಿದವರು ತೀರಾ ಬಾಯಿ ಬಿಡಬೇಕಾಗಿಲ್ಲ.

ಸರಿ ಮಾರಾಯ, ಪಟ್ಟಿ ಕೇಳಿದ್ದೆ, ಕಥೆಯೇ ಆಯ್ತು. ಅಕ್ಕನಿಗೂ ಓದೋಕೆ ಕೊಡು. ಮಧ್ಯದಲ್ಲಿ ಒಂದು ಶನಿವಾರ ಬರುವ ಹಾಗೆ ಟಿಕೆಟ್ ಮಾಡಿಸಿ, ಸೇತುವೆ ಎತ್ತುತ್ತಾರಾ ಅಂತ ಹಿಂದಿನ ದಿನ ವಿಚಾರಿಸಿಕೊಳ್ಳಿ, ಎರಡು ಗಂಟೆಗೆ ಹತ್ತು ನಿಮಿಷ ಮುಂಚೆ ನಾಂಪೊ ಕಡೆಯ ತುದಿಯಲ್ಲಿರಿ. ಶೂ ಹಳೇದೇ ಹಾಕ್ಕೊಂಡು ಹೋಗು, ಮೆಟ್ಟಿಲು ಜಾಸ್ತಿ.