ಕೋಣೆಯ ದೋಷಕ್ಕೆ ತಂತ್ರಾಂಶವೇ ಮದ್ದೆ?

ಕವಲಂದೆಯಂಥ ಊರುಗಳಲ್ಲಿಯೂ ಹೆಂಚಿನ ಮನೆಗಳ ನಡುವೆ ಈಗ ಕಾಂಕ್ರೀಟಿನ ತಾರಸಿಮನೆಗಳು ಏಳುತ್ತಿವೆ. ಅವುಗಳ ಬೋಳುಗೋಡೆಗಳ ಮಧ್ಯೆ ಸಂಗೀತವು ಗುಂಯ್‌ಗುಟ್ಟಿದಾಗ, ಕೋಣೆಗೆ ತಕ್ಕಂತೆ ಧ್ವನಿಯನ್ನು ತಿದ್ದುವ ತಂತ್ರಾಂಶವು ಎಲ್ಲವನ್ನೂ ಸರಿಪಡಿಸುವುದೆಂದು ಹಲವರು ನಂಬುತ್ತಾರೆ. ಇದು ಅರ್ಧಸತ್ಯವೆಂದು ನಮ್ಮ ಅಭಿಪ್ರಾಯ.

ಶಬ್ದದ ವೇಗವು ಸೆಕೆಂಡಿಗೆ ಸುಮಾರು 344 ಮೀಟರು. ಆದುದರಿಂದ 4 ಮೀಟರು ಉದ್ದದ ಕೋಣೆಯಲ್ಲಿ ಸೆಕೆಂಡಿಗೆ 43 ಕಂಪನಗಳುಳ್ಳ ಸ್ಥಾಯೀ ತರಂಗವು ನೆಲೆಗೊಳ್ಳುತ್ತದೆ. ಆ ಸ್ವರವು ಗೋಡೆಯ ಬಳಿ ಮೊಳಗುತ್ತದೆ, ನಟ್ಟನಡುವೆ ಬಹುಮಟ್ಟಿಗೆ ಅಡಗುತ್ತದೆ. ಮೈಕ್ರೊಫೋನನ್ನು ಅಲ್ಲಿಯೇ ಇಟ್ಟು ಅಳೆದರೆ ತಂತ್ರಾಂಶವು ಕೊರತೆಯನ್ನು ತುಂಬಲು ಹವಣಿಸಬಹುದು. 10 ಡೆಸಿಬೆಲ್ ಏರಿಸಲು 10 ಪಟ್ಟು ವಿದ್ಯುತ್ ಸಾಮರ್ಥ್ಯ ಬೇಕು. ಇಷ್ಟಾದರೂ ನಡುವಿನ ಹಳ್ಳ ತುಂಬದು. ಗೋಡೆಯ ಬಳಿಯ ಮೊಳಗು ಮಾತ್ರ ಇನ್ನಷ್ಟು ಹೆಚ್ಚುವುದು.

ಕುರ್ಚಿಯನ್ನು ಒಂದೆರಡು ಮೊಳ ಸರಿಸಿದರೆ ಖರ್ಚಿಲ್ಲದೆ ಈ ತೊಂದರೆ ತಗ್ಗುತ್ತದೆ. ಮೇಲಿನ ಸ್ವರಗಳ ಅನುರಣನಕ್ಕೆ ದಪ್ಪ ಹಾಸು, ಪರದೆಗಳು ಸಾಕು. 1895ರಲ್ಲಿ ಹಾರ್ವರ್ಡಿನ ಉಪನ್ಯಾಸ ಮಂದಿರವೊಂದರ ಅನುರಣನವನ್ನು ಪರಿಶೀಲಿಸಲು ತೊಡಗಿದ ವಾಲೇಸ್ ಸೇಬಿನ್ ಆಸನದ ದಿಂಬುಗಳನ್ನೇ ಹರಡಿ ಪ್ರಯೋಗ ನಡೆಸಿದನು. ಇಷ್ಟಾದ ಬಳಿಕ ಫ್ಯಾನನ್ನು ನಿಲ್ಲಿಸಿ, ಹಲವು ಆಸನಗಳಲ್ಲಿ ಅಳೆದು, ಅತಿಯಾದ ಮೊಳಗನ್ನು ಇಳಿಸಲು ತಂತ್ರಾಂಶವನ್ನು ಬಳಸಬೇಕು. ವಿದ್ಯಾರ್ಥಿಗಳು ಹಣ ತೆರುವ ಮೊದಲು ಕೋಣೆಯ ಉದ್ದವನ್ನು ಅಳೆಯಲಿ.